ಮರಿ ತಿಂದ ಹೊತ್ತು

ಬೀಗ ಹಾಕಿದ ಮೇಲೆ ಮೂರು ಸಲ ಜಗ್ಗಿ ನೋಡಿ, ಬೀದಿಯ ತಿರುವಿನವರೆಗೆ ಹೋಗಿ, ಅಲ್ಲಿಂದ ವಾಪಸ್ ಬಂದು ನಾಲ್ಕನೇ ಸಲ ಜಗ್ಗುವವಳು ನಾನು. ಗ್ಯಾಸ್ ಆರಿಸಿದೆನೋ ಇಲ್ಲವೋ ಎಂದು ಅರ್ಧ ದಾರಿಯಿಂದ ಆಟೋ ತಿರುಗಿಸಿದ್ದೂ ಉಂಟು. ಇಂಥ ಪುಕ್ಕಲಿಗೆ ಆದೋನಿಯ ಹೊರಗಿನ ಒಂದು ಹತ್ತಿ ಗೋದಾಮಿನ ಕಂಪ್ಯೂಟರ್ ಕೋಣೆಯಲ್ಲಿ ಇಪ್ಪತ್ತೆಂಟು ವರ್ಷ ಕೆಲಸ ನಡೆಯಿತು ಎಂದರೆ ನನಗೇ ನಂಬಿಕೆ ಬರುವುದಿಲ್ಲ. ಗೋದಾಮಿನ ಹೆಸರು ಬರೆಯುವುದಿಲ್ಲ, ನನ್ನ ಜೊತೆಯವರು ಇನ್ನೂ ಅಲ್ಲಿದ್ದಾರೆ. ನಿವೃತ್ತಿಯಾಗಿ ಎರಡು ವರ್ಷವಾಯಿತು. ಈಗಲೂ ಫೋನು ಗುಂಯ್‌ಗುಟ್ಟಿದರೆ ಎದೆ ಧಸಕ್ಕೆನ್ನುತ್ತದೆ, ಮಷೀನು ನಿಂತಿತೇನೋ ಅಂತ.

ಈ ಕೆಲಸಕ್ಕೆ ಹೊಸದಾಗಿ ಸೇರುವವರಿಗೆ ಉಪಯೋಗವಾಗಲಿ ಎಂದು ಬರೆಯುತ್ತಿದ್ದೇನೆ. ಬಡ್ತಿ ಎರಡು ಬಂದವು, ಒಂದು ಬರಲಿಲ್ಲ. ಆ ಮಾತು ಇಲ್ಲಿಗೆ ಸಾಕು. ನಿಮಗೆ ಬೇಕಾದದ್ದು ನನ್ನ ತಪ್ಪುಗಳು. ಅವು ಬೇಕಾದಷ್ಟಿವೆ.

ಮೊದಲು ಕೆಲಸ ಏನೆಂದು ಹೇಳಿಬಿಡುತ್ತೇನೆ. ರೈತರು ಟ್ರ್ಯಾಕ್ಟರಿನಲ್ಲಿ ಹತ್ತಿ ತರುತ್ತಾರೆ. ಪ್ರತಿ ಲಾಟಿನಿಂದ ಒಂದು ಹಿಡಿ ಹತ್ತಿ ತೆಗೆದು ಪರೀಕ್ಷಾ ಯಂತ್ರಕ್ಕೆ ಕೊಡುತ್ತಾರೆ. ಎಳೆ ಎಷ್ಟುದ್ದ, ಎಷ್ಟು ಗಟ್ಟಿ, ಕಸ ಎಷ್ಟು, ತೇವ ಎಷ್ಟು ಎಂದು ಯಂತ್ರ ಹೇಳುತ್ತದೆ. ಆ ಅಂಕಿಗಳನ್ನು ತೆಗೆದುಕೊಂಡು ರೈತನ ಕೈಗೆ ಚೀಟಿ ಕೊಡುವುದು ನನ್ನ ಪ್ರೋಗ್ರಾಂ. ಹತ್ತಿಗೆ ಯಾವ ದರ್ಜೆ ಎಂದು ಲೆಕ್ಕ ಹಾಕುವುದು ಇನ್ನೊಂದು ಪ್ರೋಗ್ರಾಂ. ಅದು ಹೈದರಾಬಾದಿನಿಂದ ಸಿದ್ಧವಾಗಿ ಬಂದದ್ದು, ಬಿಚ್ಚಿ ನೋಡುವ ಹಾಗಿರಲಿಲ್ಲ. ನನ್ನ ಪ್ರೋಗ್ರಾಂ ಅದನ್ನು ಕರೆಯುತ್ತದೆ, ಅದು ಲೆಕ್ಕ ಮುಗಿಸಿ ಹೋಗುತ್ತದೆ. ಕರೆದದ್ದನ್ನು ನಾವು ತಾಯಿ ಎನ್ನುತ್ತಿದ್ದೆವು, ಕರೆಸಿಕೊಂಡದ್ದನ್ನು ಮರಿ. ಕುರಿ ಸಾಕುವವರ ಸೀಮೆ ನೋಡಿ, ಬೇರೆ ಹೆಸರು ಯಾರಿಗೂ ಹೊಳೆಯಲಿಲ್ಲ.

ನನ್ನ ಮೊದಲ ಮೇಲಧಿಕಾರಿ ಗುರುಸಿದ್ದಪ್ಪ ಸಾರ್. ಯಾವ ಪ್ರೋಗ್ರಾಂ ಎಷ್ಟು ಹೊತ್ತು ತೆಗೆದುಕೊಳ್ಳುತ್ತದೆ ಎಂದು ಅಳೆಯಲು ಅವರ ಹತ್ತಿರ ಇದ್ದದ್ದು ಕೈಗಡಿಯಾರ. "ಹ್ಞೂಂ, ಬಿಡು!" ಎಂದು ಕೂಗುವರು, ನಾನು ಗುಂಡಿ ಒತ್ತುವೆ, ಅವರು ಮುಳ್ಳು ನೋಡುತ್ತ ನಿಲ್ಲುವರು. ಒಂದು ದಿನ ಅವರು ಊರಲ್ಲಿರಲಿಲ್ಲ. ನಾನೇ ಗಡಿಯಾರ ಹಿಡಿದು ಅಳೆದು, ಲೆಕ್ಕದ ಪ್ರೋಗ್ರಾಂಗೆ ಆರು ನಿಮಿಷ ಬೇಕೆಂದು ದೊಡ್ಡ ಅಕ್ಷರದಲ್ಲಿ ಬರೆದಿಟ್ಟೆ. ನಿಜಕ್ಕೂ ಏನಾಗಿತ್ತೆಂದರೆ, ನಡುವೆ ಪ್ರಿಂಟರಿನಲ್ಲಿ ಕಾಗದ ಮುಗಿದು ಎಲ್ಲವೂ ಸುಮ್ಮನೆ ನಿಂತಿತ್ತು. ಅಟೆಂಡರ್ ಹೊಸ ಕಾಗದ ತರಲು ಹೋಗಿದ್ದ.

ಮರುದಿನ ಎಲ್ಲರ ಎದುರಿಗೆ ಸಾರ್ ನನ್ನ ಹಾಳೆ ಎತ್ತಿ ತೋರಿಸಿದರು. "ಪಾರ್ವತಮ್ಮ, ನೀ ಅಳದಿದ್ದು ಪ್ರೋಗ್ರಾಂ ಅಲ್ಲವಾ! ಅಟೆಂಡರ್ ನಡಿಗಿ ಅಳದಿ!"

ಕೋಣೆಯೆಲ್ಲ ಬಿದ್ದು ಬಿದ್ದು ನಕ್ಕಿತು. ಅಟೆಂಡರ್ ಕೂಡ ನಕ್ಕ. ಒಂದು ವರ್ಷದವರೆಗೆ ನಾನು ಏನೇ ಅಂಕಿ ಹೇಳಿದರೂ ಯಾರಾದರೊಬ್ಬರು "ಅಟೆಂಡರ್ ನಡಿಗಿ ಬಿಟ್ಟು ಹೇಳ್ರಿ ಮೇಡಂ" ಎನ್ನುತ್ತಿದ್ದರು. ನಾನೂ ಹಲ್ಲು ಕಿರಿಯುತ್ತಿದ್ದೆ. ಆದರೆ ಆ ನಗು ಒಳಗೆ ಇಳಿದು ಕೂತುಬಿಟ್ಟಿತು. ಎರಡು ಸಲ ನೋಡದೆ ಬಾಯಿ ಬಿಡಬಾರದೆಂದು ಅವತ್ತೇ ನಿಶ್ಚಯ ಮಾಡಿದೆ. ಇದು ಒಳ್ಳೆಯ ನಿಶ್ಚಯವೆಂದೇ ಬಹಳ ವರ್ಷ ತಿಳಿದಿದ್ದೆ.

ಅದರಿಂದ ಒಂದು ಪಾಠವಂತೂ ಕಲಿತೆ. ಗೋಡೆ ಗಡಿಯಾರದ ಹೊತ್ತು ಬೇರೆ, ಪ್ರೊಸೆಸರ್ ದುಡಿದ ಹೊತ್ತು ಬೇರೆ. ನೀವು ಬೆಳಿಗ್ಗೆ ಮನೆ ಬಿಟ್ಟು ಮಂತ್ರಾಲಯ ಮುಟ್ಟಲು ಮೂರು ಗಂಟೆ ಹಿಡಿಯಿತೆನ್ನಿ. ಅದರಲ್ಲಿ ಬಸ್ ಸ್ಟ್ಯಾಂಡಿನ ಬೆಂಚಿನ ಮೇಲೆ ಕೂತದ್ದೇ ಒಂದು ಗಂಟೆ. ಬಸ್ಸು ಓಡಿದ್ದು ಮಾತ್ರ ಎಷ್ಟು ಎಂದು ಕೇಳುವುದು ಪ್ರೊಸೆಸರ್ ಹೊತ್ತು. ಮುಂದೆ ಹೊಸ ಮಷೀನು ಬಂದಾಗ ಆ ಲೆಕ್ಕವನ್ನು ಅದೇ ಇಟ್ಟುಕೊಳ್ಳತೊಡಗಿತು. ಒಂದು ಆಜ್ಞೆ ಕೊಟ್ಟರೆ ಸಾಕು, ಯಾವ ಪ್ರೋಗ್ರಾಂ ಎಷ್ಟು ದುಡಿಸಿಕೊಂಡಿತು ಎಂದು ಹಾಳೆಯ ಮೇಲೆ ಬರುತ್ತಿತ್ತು, ಹಾಳೆಯ ತಲೆಯಲ್ಲಿ ಅಳೆದ ವಾರ, ಗಂಟೆ, ನಿಮಿಷದ ಸಮೇತ. ಇನ್ನು ನನ್ನನ್ನು ನೋಡಿ ಯಾರೂ ನಗಲಾರರು ಎಂದುಕೊಂಡೆ. ಗಡಿಯಾರ ಹೋಗಿತ್ತು, ಅಟೆಂಡರ್ ಹೋಗಿದ್ದ, ಇನ್ನೇನು ತಪ್ಪಾಗಲು ಸಾಧ್ಯ?

ಆಮೇಲೆ ಕೌಂಟರಿನ ಗಲಾಟೆ ಶುರುವಾಯಿತು. ಮೊದಲು ನನ್ನ ಪ್ರೋಗ್ರಾಂ ಮರಿಯನ್ನು ಕರೆದು, ಅದು ಮುಗಿಸುವ ತನಕ ಕಾದು, ಆಮೇಲೆ ಮುಂದಿನ ರೈತನನ್ನು ನೋಡುತ್ತಿತ್ತು. ಸಾಲು ಗೇಟಿನ ತನಕ ಬೆಳೆಯಿತು. ಹೊಳಗುಂದದ ಒಬ್ಬ ಹಿರಿಯರು ಕೌಂಟರಿನ ಕಿಂಡಿಯಲ್ಲಿ ಮುಖವಿಟ್ಟು, "ತಂಗೀ, ನಿನ್ನ ಮಷೀನು ಹತ್ತಿ ನೋಡಾಕತ್ತೈತೋ, ಎಳಿ ಎಳಿ ಎಣಸಾಕತ್ತೈತೋ?" ಎಂದು ಕೇಳಿದರು. ನನಗೆ ರೋಷ ಬಂತು. ಅವತ್ತೇ ಕೂತು ಪ್ರೋಗ್ರಾಮಿನಲ್ಲಿ ಒಂದು ಸಾಲು ಸೇರಿಸಿದೆ. ಅದರ ಅರ್ಥ ಇಷ್ಟೇ: ಮರಿಯನ್ನು ಕಳಿಸಿಬಿಡು, ಕಾಯಬೇಡ, ಮುಗಿಯಿತೆಂದು ಅದು ಬಂದು ಹೇಳುವುದೂ ಬೇಡ. ಲೆಕ್ಕ ಮುಗಿದಾಗ ದರ್ಜೆ ಹೊರಗಿನ ಬೋರ್ಡಿನ ಮೇಲೆ ಬಂದರಾಯಿತು.

ರೈತರ ಸಾಲು ಸರಸರ ಕರಗಿತು. ಎಲ್ಲರೂ ಹೊಗಳಿದರು. ನನಗೆ ನೆಲದ ಮೇಲೆ ಕಾಲು ನಿಲ್ಲಲಿಲ್ಲ. ಪ್ರೋಗ್ರಾಮಿನ ಆ ಒಂದು ಸಾಲನ್ನು ಚೆನ್ನಾಗಿ ನೆನಪಿಟ್ಟುಕೊಳ್ಳಿ.

ಕೆಲವು ವರ್ಷ ಕಳೆದವು. ಗುರುಸಿದ್ದಪ್ಪ ಸಾರ್ ನಿವೃತ್ತರಾಗಿ ರೆಡ್ಡಿ ಸಾರ್ ಬಂದರು. ಗೇಟಿನಲ್ಲಿ ಒಳಗೆ ಬರುವ, ಹೊರಗೆ ಹೋಗುವ ಟ್ರ್ಯಾಕ್ಟರುಗಳಿಗೆ ಪಾಸು ಕೊಡಲು ಬೇರೊಂದು ಪ್ರೋಗ್ರಾಂ ಬಂತು. ಅದನ್ನು ನೋಡಿಕೊಳ್ಳಲು ಖಾದರ್ ಬಂದ. ವರ್ಷ ವರ್ಷಕ್ಕೆ ಕಾಗದ ಹೊಸದು ಮಾಡಿಸಿಕೊಳ್ಳುವ ಗುತ್ತಿಗೆ ಕೆಲಸ ಅವನದು. ಮೂವತ್ತರ ಆಸುಪಾಸಿನ, ಶಾಂತ ಸ್ವಭಾವದ ಮನುಷ್ಯ. ಗೋದಾಮಿನ ಹಿಂದಿನ ಓಣಿಯಲ್ಲೇ ನೆಲಮಟ್ಟದ ಬಾಡಿಗೆ ಮನೆ. ಮೊಣಕಾಲು ಮಡಚಲಾಗದ ತಾಯಿ, ಹೆಂಡತಿ, ಶಾಲೆಗೆ ಹೋಗುವ ಇಬ್ಬರು ಹೆಣ್ಣುಮಕ್ಕಳು. ಮಧ್ಯಾಹ್ನ ಮನೆಗೆ ಓಡಿ ತಾಯಿಗೆ ಊಟ ಬಡಿಸಿ, ಅರ್ಧ ಗಂಟೆಯಲ್ಲಿ ವಾಪಸ್ ಬರುತ್ತಿದ್ದ. ನನ್ನನ್ನು ಅಕ್ಕಾ ಎನ್ನುತ್ತಿದ್ದ.

ಅವನ ಪ್ರೋಗ್ರಾಮೂ ನಮ್ಮದೂ ಒಂದೇ ಮಷೀನಿನ ಮೇಲೆ ಓಡುತ್ತಿದ್ದವು. ಆ ವರ್ಷ ಎರಡನೇ ಪರೀಕ್ಷಾ ಯಂತ್ರ ಬಂತು. ಅದಾದ ಕೆಲವೇ ದಿನಕ್ಕೆ ಎಲ್ಲವೂ ಏದುಸಿರು ಬಿಡತೊಡಗಿತು. ಗೇಟಿನಲ್ಲಿ ಪಾಸು ಹೊರಬರಲು ಐದು ನಿಮಿಷ, ಹತ್ತು ನಿಮಿಷ. ಟ್ರ್ಯಾಕ್ಟರುಗಳ ಸಾಲು ರಸ್ತೆಗೆ ಬಂತು. ಡ್ರೈವರುಗಳು ಖಾದರನ ಕಿಟಕಿ ಬಡಿದು ಬಾಯಿಗೆ ಬಂದಂತೆ ಬಯ್ಯುತ್ತಿದ್ದರು. ಕರ್ನೂಲಿನ ಹೆಡ್ ಆಫೀಸಿನಿಂದ ಫೋನಿನ ಮೇಲೆ ಫೋನು. ರೆಡ್ಡಿ ಸಾರ್ ಕೆಟ್ಟವರಲ್ಲ, ಆದರೆ ಕರ್ನೂಲಿನ ಫೋನು ಬಂತೆಂದರೆ ಅವರ ಮುಖ ಸುಣ್ಣದಂತಾಗುತ್ತಿತ್ತು. ಅವರಿಗೆ ಕನ್ನಡ ಚೆನ್ನಾಗಿ ಬರುತ್ತಿತ್ತು, ಗಾಬರಿಯಾದರೆ ಮಾತ್ರ ತೆಲುಗು.

ಒಂದು ಸೋಮವಾರ ನನ್ನನ್ನು ಕರೆದರು. "ಪಾರ್ವತಮ್ಮಾ, ಮಷೀನ್ ಪೂರ್ತಿ ತುಂಬೇತಿ. ಯಾರದು ಇಷ್ಟು ತಿನ್ನಾಕತ್ತೈತಿ? ನಿಂದು ಎಷ್ಟು ಅಂತ ಅಳದು ಕೊಡು. ಉಳದದ್ದು ಗೇಟಿಂದೇ ಕದಾ, ಮತ್ತೇನುಂದಿ?"

ಎರಡೇ ಪ್ರೋಗ್ರಾಂ, ಒಂದನ್ನು ಅಳೆದರೆ ಉಳಿದದ್ದು ಇನ್ನೊಂದರದು. ನನಗೂ ಸರಿಯೆನಿಸಿತು. ನನ್ನ ತಾಯಿ ಪ್ರೋಗ್ರಾಂ ಎಷ್ಟು ದುಡಿಸಿಕೊಂಡಿತು ಎಂದು ಕೇಳಿದೆ. ಅದು ಕರೆದ ಮರಿಗಳು ಎಷ್ಟು ದುಡಿಸಿಕೊಂಡವು ಎಂದೂ ಕೇಳಿದೆ. ನಾನೇನು ಹೊಸಬಳೇ, ಮರಿಗಳನ್ನು ಮರೆಯಲು? ತಾಯಿಯದು ಚೂರೇ ಚೂರು ಬಂತು. ಮರಿಗಳದು ಸೊನ್ನೆ.

ಆ ಸೊನ್ನೆಯನ್ನು ನೋಡಿ ನಾನು ನಿಲ್ಲಬೇಕಿತ್ತು. ದಿನಕ್ಕೆ ನೂರಾರು ಲಾಟಿನ ಲೆಕ್ಕ ಹಾಕುವ ಪ್ರೋಗ್ರಾಂ ಸೊನ್ನೆ ಹೊತ್ತು ಹೇಗೆ ತೆಗೆದುಕೊಂಡೀತು? ಅಳತೆಗೆ ಸಿಗದಷ್ಟು ಕಡಿಮೆ ಇರಬೇಕು, ಅಷ್ಟು ಚುರುಕು ಅದು, ಎಂದು ನನಗೆ ನಾನೇ ಹೇಳಿಕೊಂಡೆ. ಮಷೀನಿನ ಪರದೆಯ ಮೇಲೂ ಮರಿಗಳು ಕಾಣುತ್ತಿರಲಿಲ್ಲ. ನಾವು ನೇರವಾಗಿ ಓಡಿಸಿದ ಪ್ರೋಗ್ರಾಮುಗಳನ್ನಷ್ಟೇ ಅದು ತೋರಿಸುತ್ತಿತ್ತು, ಅವು ಕರೆದದ್ದನ್ನು ತೋರಿಸುತ್ತಿರಲಿಲ್ಲ. ಎರಡು ಸಲ ಅಳೆದೆ, ನಿಶ್ಚಯ ಮಾಡಿದ್ದೆನಲ್ಲ. ಎರಡು ಸಲವೂ ಅದೇ ಸೊನ್ನೆ. ಹಾಳೆಯನ್ನು ರೆಡ್ಡಿ ಸಾರ್ ಕೈಗೆ ಕೊಟ್ಟೆ. ನೂರು ಪಾಲಿನಲ್ಲಿ ನಮ್ಮದು ಎಂಟು ಪಾಲು ಎಂದು ಅದರಲ್ಲಿತ್ತು.

"ಐತೇ, ಹಂಗಾದ್ರ ತೊಂಬತ್ತೆರಡು ಪಾಲು ಗೇಟು ತಿನ್ನಾಕತ್ತೈತಿ!" ಎಂದರು ಸಾರ್. ಅವರ ಮುಖಕ್ಕೆ ಬಣ್ಣ ಮರಳಿತು. ಕೊನೆಗೂ ಕರ್ನೂಲಿಗೆ ಹೇಳಲು ಒಂದು ಹೆಸರು ಸಿಕ್ಕಿತ್ತು.

ಬುಧವಾರ ಖಾದರನನ್ನು ಕರೆಸಿದರು. ನಾನೂ ಅಲ್ಲೇ ನಿಂತಿದ್ದೆ. ಅವನು ಹಾಳೆ ಓದಿದ.

"ಸಾರ್, ನನ್ನದು ಬರೇ ಪಾಸ್ ಬರಿಯೋದು. ಅಷ್ಟು ಎಲ್ಲಿಂದ ತಿಂತೈತಿ? ಎಲ್ಲೋ ಏನೋ ತಪ್ಪೈತಿ."

"ಅಳದಾಕಿ ಪಾರ್ವತಮ್ಮ. ಒಂದಲ್ಲ, ಎರಡು ಸಲ ಅಳದಾಳ."

ಖಾದರ್ ನನ್ನ ಕಡೆ ತಿರುಗಿ ನೋಡಿದ. "ಅಕ್ಕ ಅಳದಿದ್ರ ಸರಿನೇ ಇರತೈತಿ ಸಾರ್" ಎಂದ. ಅದನ್ನು ಅವನು ಕೊಂಕಾಗಿ ಹೇಳಲಿಲ್ಲ. ನಂಬಿಯೇ ಹೇಳಿದ. ಈ ವರ್ಷ ಅವನ ಕಾಗದ ಹೊಸದು ಮಾಡುವುದು ಬೇಡ, ಗೇಟಿಗೆ ಬೇರೆಯವರನ್ನು ನೋಡಿ ಎಂದು ಕರ್ನೂಲಿಗೆ ಪತ್ರ ತಯಾರಾಯಿತು. ಶನಿವಾರ ಮಧ್ಯಾಹ್ನದ ಟಪಾಲಿನಲ್ಲಿ ಅದು ಹೋಗಬೇಕು. ನನಗೆ ಪಾಪ ಎನಿಸಿತು, ಆದರೆ ಅಂಕಿ ಅಂಕಿಯೇ ಅಲ್ಲವೇ ಎಂದು ಸಮಾಧಾನ ಮಾಡಿಕೊಂಡೆ.

ಈಗ ನನ್ನ ಅಪ್ಪನ ಮಾತು ಹೇಳಬೇಕು. ಅಪ್ಪ ತೂಕದ ವೀರಭದ್ರಪ್ಪ. ಆದೋನಿಯ ಹತ್ತಿ ತೂಗುತ್ತಲೇ ಆಯುಷ್ಯ ಕಳೆದರು. ಚಿಕ್ಕವಳಿದ್ದಾಗ ನಾನು ಅವರ ತಕ್ಕಡಿಯ ಪಕ್ಕ ಕೂತೇ ಬೆಳೆದೆ. ತುಂಬಿದ ಬಂಡಿ ಒಂದು ಸಲ ತಕ್ಕಡಿ ಹತ್ತಬೇಕು, ಹತ್ತಿ ಇಳಿಸಿದ ಮೇಲೆ ಅದೇ ಬಂಡಿ ಖಾಲಿಯಾಗಿ ಇನ್ನೊಂದು ಸಲ ಹತ್ತಬೇಕು. ಮೊದಲಿನದರಲ್ಲಿ ಎರಡನೆಯದು ಕಳೆದರೆ ಹತ್ತಿಯ ತೂಕ. ಖಾಲಿ ಬಂಡಿ ವಾಪಸ್ ಬರುವ ತನಕ ಯಾರು ಬೇಡಿಕೊಂಡರೂ ಅಪ್ಪ ಚೀಟಿ ಕೊಡುತ್ತಿರಲಿಲ್ಲ. ಈ ಊರಿನಲ್ಲಿ ಹತ್ತಿ ತೂಗುವವರಿಗೆಲ್ಲ ಇದು ಉಸಿರಾಟದಷ್ಟೇ ಸಹಜ.

ಗುರುವಾರ ಮಧ್ಯಾಹ್ನ ಊಟ ಮುಗಿಸಿ ಹೊರಗೆ ಬಂದೆ. ತೂಕದ ಹನುಮಂತಪ್ಪ, ಅಪ್ಪನ ಕೈಯಲ್ಲೇ ಪಳಗಿದವರು, ಒಬ್ಬ ಟ್ರ್ಯಾಕ್ಟರ್ ಡ್ರೈವರನ ಮೇಲೆ ಹರಿಹಾಯುತ್ತಿದ್ದರು. ಅವನು ತುಂಬಿದ ಟ್ರೈಲರ್ ತೂಗಿಸಿ, ಹತ್ತಿ ಇಳಿಸಿ, ಹಿಂದಿನ ಗೇಟಿನಿಂದ ಸೀದಾ ಊರಿಗೆ ಹೊರಟಿದ್ದನಂತೆ. ಅರ್ಧ ದಾರಿಯಿಂದ ಕರೆಸಿದ್ದರು.

"ಖಾಲಿ ತೂಗಿಸದ ಹಿಂದಿನ ಗೇಟಿನಿಂದ ಹ್ವಾದ್ರ, ಒಳಗ ಎಷ್ಟು ಹತ್ತಿ ಇಳೀತು ಅಂತ ನನಗೇನು ಕನಸು ಬೀಳ್ತೈತೇನಲೇ? ನನ್ನ ಬುಕ್ಕಿನ್ಯಾಗ ನಿಂದು ಸೊನ್ನೆ ಐತಿ ನೋಡು, ಸೊನ್ನೆ!"

ನಾನು ನಿಂತಲ್ಲೇ ನಿಂತೆ. ಕೈಯಲ್ಲಿದ್ದ ಊಟದ ಡಬ್ಬಿ ಜಾರಿ ಬಿತ್ತು. ಹನುಮಂತಪ್ಪ ಬಯ್ಯುವುದನ್ನು ಬಿಟ್ಟು ನನ್ನ ಕಡೆ ನೋಡಿದರು. "ಯಾಕವ್ವಾ, ಮಾರಿ ಹಿಂಗ್ಯಾಕಾತು? ಬಿಸಲು ಬಡದೇತೇನು?"

ಅಯ್ಯೋ ಶಿವನೇ, ಬಿಸಿಲಲ್ಲ ಬಡಿದದ್ದು. ಮರಿ ದುಡಿದ ಹೊತ್ತು ತಾಯಿಯ ಹೆಸರಿಗೆ ಬರುವುದು, ಮರಿ ಮುಗಿಸಿ ವಾಪಸ್ ಬಂದಾಗ ತಾಯಿ ಕಾದು ಅದನ್ನು ಬರಮಾಡಿಕೊಂಡರೆ ಮಾತ್ರ. ನಾನೇ ಬರೆದಿದ್ದೆನಲ್ಲ, ಕಾಯಬೇಡ, ಬಂದು ಹೇಳುವುದೂ ಬೇಡ ಎಂದು! ನನ್ನ ಮರಿಗಳೆಲ್ಲ ಹಿಂದಿನ ಗೇಟಿನಿಂದ ಹೋಗಿಬಿಟ್ಟಿದ್ದವು. ಅವು ತಿಂದ ಹೊತ್ತು ಯಾರ ಹೆಸರಿಗೂ ಬರದೆ, ಕಳೆದು ಉಳಿದ ಪಾಲಿನಲ್ಲಿ ಸೇರಿ, ಖಾದರನ ತಲೆಯ ಮೇಲೆ ಕೂತಿತ್ತು. ತೂಕದವನ ಮಗಳು ನಾನು, ನನಗೇ ಇದು ಹೊಳೆಯಲಿಲ್ಲ. ಥೂ ನನ್ನ ಜನ್ಮಕ್ಕೆ!

ಓಡಿಹೋಗಿ ಆ ಸಾಲನ್ನು ತೆಗೆದು, ಮರಿಗಳು ಮೊದಲಿನಂತೆ ಒಟ್ಟಿಗೇ ಹೋದರೂ ಮುಗಿಸಿದಾಗ ತಾಯಿ ಅವನ್ನು ಬರಮಾಡಿಕೊಳ್ಳುವ ಹಾಗೆ ಮಾಡಿ, ಅರ್ಧ ಗಂಟೆ ಓಡಿಸಿ ಅಳೆದೆ. ಹಾಳೆ ಹೊರಬಂತು. ನಮ್ಮ ಮರಿಗಳದೇ ಎಂಬತ್ತು ಪಾಲಿನ ಮೇಲಿತ್ತು. ಎರಡನೇ ಯಂತ್ರ ಬಂದ ಮೇಲೆ ಒಂದರ ಹಿಂದೊಂದು ಮರಿ ಕಳಿಸುತ್ತಲೇ ಇದ್ದೆವು. ಒಂದೇ ಹೊತ್ತಿಗೆ ಹತ್ತಾರು ಮರಿಗಳು ಪ್ರೊಸೆಸರಿಗೆ ಮುಗಿಬೀಳುತ್ತಿದ್ದವು. ಖಾದರನ ಬಡಪಾಯಿ ಪಾಸು ಅವುಗಳ ಹಿಂದೆ ಸಾಲಿನಲ್ಲಿ ನಿಂತಿರುತ್ತಿತ್ತು.

ಆ ಹಾಳೆ ಹಿಡಿದು ರೆಡ್ಡಿ ಸಾರ್ ಕೋಣೆಗೆ ಹೋಗಲು ಇಪ್ಪತ್ತು ಹೆಜ್ಜೆ. ಹತ್ತು ಹೆಜ್ಜೆ ಹೋದೆ. ನಿಂತೆ. ಅರ್ಧ ಗಂಟೆಯ ಅಳತೆ ಸಾಕೇ? ಇದೂ ತಪ್ಪಿದ್ದರೆ? ಎರಡು ಸಲ ಅಳೆದು ತಪ್ಪು ಕೊಟ್ಟವಳು, ಈಗ ಮೂರನೆಯದು ಸರಿ ಎಂದರೆ ಯಾರು ನಂಬುತ್ತಾರೆ? ಕರ್ನೂಲಿಗೆ ಆಗಲೇ ಫೋನಿನಲ್ಲಿ ಹೇಳಿಯಾಗಿತ್ತು. ಅಟೆಂಡರ್ ನಡಿಗೆಯ ನಗು ಕಿವಿಯಲ್ಲಿ ಕೇಳಿಸಿತು. ಪತ್ರ ಹೋಗುವುದು ಶನಿವಾರ, ನಾಳೆ ಇನ್ನೊಂದು ಸಲ ಅಳೆದು ಹೇಳಿದರಾಯಿತು ಎಂದುಕೊಂಡು ವಾಪಸ್ ಬಂದು ಹಾಳೆಯನ್ನು ಡ್ರಾಯರಿನಲ್ಲಿಟ್ಟೆ. ಡ್ರಾಯರಿಗೆ ಬೀಗ ಹಾಕಿ ಮೂರು ಸಲ ಜಗ್ಗಿದೆ.

ಶುಕ್ರವಾರ ಬೆಳಿಗ್ಗೆ ಖಾದರ್ ಅರ್ಧ ದಿನ ರಜೆ ಹಾಕಿದ್ದ. ಪ್ರತಿ ಶುಕ್ರವಾರ ಮಧ್ಯಾಹ್ನ ನಮಾಜಿನ ಹೊತ್ತಿಗೆ ಗೇಟು ಎರಡು ಗಂಟೆಯ ಕಾಲ ಮುಚ್ಚಿರುತ್ತಿತ್ತು. ಗೇಟಿನ ಪ್ರೋಗ್ರಾಂ ನಿಂತಾಗ ಅಳೆದರೆ ಯಾವ ಅನುಮಾನವೂ ಉಳಿಯುವುದಿಲ್ಲ ಎಂದು ಲೆಕ್ಕ ಹಾಕಿದ್ದೆ. ಬೆಳಿಗ್ಗೆ ಹನ್ನೊಂದರ ಸುಮಾರಿಗೆ ಕಿಟಕಿಯ ಹೊರಗೆ ಟೆಂಪೋ ಸದ್ದಾಯಿತು. ಮಂಚ, ರುಬ್ಬುವ ಕಲ್ಲು, ಮಕ್ಕಳ ಸೈಕಲ್ಲು, ಅವುಗಳ ನಡುವೆ ಪ್ಲಾಸ್ಟಿಕ್ ಕುರ್ಚಿಯಲ್ಲಿ ಖಾದರನ ತಾಯಿ. ಕುರ್ಚಿ ಅಲುಗದ ಹಾಗೆ ಖಾದರ್ ಒಂದು ಕೈಯಲ್ಲಿ ಹಿಡಿದು ನಿಂತಿದ್ದ.

ಹನುಮಂತಪ್ಪ ಕಿಟಕಿಯ ಹತ್ತಿರ ಬಂದರು. "ಖಾದರ್ ಮನಿ ಖಾಲಿ ಮಾಡಾಕತ್ಯಾನವ್ವಾ. ಕೆಲಸ ಹ್ವಾದ್ರ ಇಲ್ಲಿ ಬಾಡಿಗಿ ಮನ್ಯಾಗ ಇದ್ದೇನು ಮಾಡ್ಲಿ ಅಂತಾನ. ಕೌತಾಳದಾಗ ಅವರ ಅಣ್ಣನ ಮನ್ಯಾಗ ಒಂದು ಖೋಲಿ ಕೊಡ್ತಾರಂತ. ಇಲ್ಲಿ ಮನಿಗೆ ಆಗಲೇ ಬ್ಯಾರೇದವರು ಬಂದು ನೋಡಿ ಹೋಗ್ಯಾರ."

ಖಾದರ್ ನನ್ನನ್ನು ನೋಡಿದ. ಬಿಡುವಿದ್ದ ಕೈ ಎತ್ತಿ ಬೀಸಿದ. ನಾನೂ ಕೈ ಬೀಸಿದೆ. ನನ್ನ ಮಂಡಿಗೆ ತಾಗಿಕೊಂಡೇ ಆ ಡ್ರಾಯರ್ ಇತ್ತು. ಒಂದು ಮಾತು ಕೂಗಿದ್ದರೆ ಟೆಂಪೋ ನಿಲ್ಲುತ್ತಿತ್ತು. ಕೂಗಲಿಲ್ಲ. ಮಧ್ಯಾಹ್ನ ಅಳೆದ ಮೇಲೆ, ಖಚಿತವಾದ ಮೇಲೆ, ಎಂದುಕೊಂಡೆ. ಟೆಂಪೋ ಕೌತಾಳಂ ರಸ್ತೆಗೆ ತಿರುಗಿತು.

ಮಧ್ಯಾಹ್ನ ಗೇಟು ನಿಂತಾಗ ಅಳೆದೆ. ಮಷೀನು ಆಗಲೂ ತುಂಬಿಯೇ ಇತ್ತು. ಗುರುವಾರದ ಹಾಳೆ ಏನು ಹೇಳಿತ್ತೋ ಅದನ್ನೇ ಇದೂ ಹೇಳಿತು, ಒಂದು ಚೂರೂ ಹೆಚ್ಚು ಹೇಳಲಿಲ್ಲ. ಎದ್ದು ಹೋಗಿ ನೋಡಿದರೆ ರೆಡ್ಡಿ ಸಾರ್ ಕೆಲಸದ ಮೇಲೆ ಎಮ್ಮಿಗನೂರಿಗೆ ಹೋಗಿದ್ದರು. ನಿಜ ಹೇಳಬೇಕೆಂದರೆ, ಅವರು ಇಲ್ಲವೆಂದು ತಿಳಿದಾಗ ನನಗೆ ಉಸಿರು ಬಂದಂತಾಯಿತು.

ಶನಿವಾರ ಬೆಳಿಗ್ಗೆ ಅವರು ಕುರ್ಚಿಯಲ್ಲಿ ಕೂರುವ ಮೊದಲೇ ಒಳಗೆ ಹೋಗಿ ಎರಡೂ ಹಾಳೆ ಮೇಜಿನ ಮೇಲಿಟ್ಟೆ. "ಸಾರ್, ಖಾದರನದು ತಪ್ಪಿಲ್ಲ. ನಮ್ಮದೇ ಅದು. ನಾನು ಅಳದದ್ದು ತಪ್ಪು" ಎಂದೆ. ಎಲ್ಲವನ್ನೂ ಹೇಳಿದೆ, ಆ ಒಂದು ಸಾಲು, ಹಿಂದಿನ ಗೇಟು, ಸೊನ್ನೆ. ಹೇಳುತ್ತ ಹೇಳುತ್ತ ಕಣ್ಣಲ್ಲಿ ನೀರು ಬಂತು, ನಾಚಿಕೆಯೂ ಬಂತು.

ಸಾರ್ ಹಣೆ ಒತ್ತಿಕೊಂಡರು. "ಅಂಟೇ, ಮನದೇನಾ ಅದಿ?"

"ನಮ್ಮದೇ ಸಾರ್."

"ಕರ್ನೂಲಿಗೆ ನಾ ಏನು ಹೇಳ್ಲಿ ಈಗ?" ಎಂದರು. ಬಯ್ಯುತ್ತಾರೆಂದು ಕಣ್ಣು ಮುಚ್ಚಿದೆ. ಅವರು ಪತ್ರವನ್ನು ತೆಗೆದು ನಾಲ್ಕು ತುಂಡು ಮಾಡಿ ಬುಟ್ಟಿಗೆ ಹಾಕಿದರು. ಆಮೇಲೆ ಖಾದರನನ್ನು ಕರೆಸಿ ನನ್ನ ಹಾಳೆಗಳನ್ನು ಅವನ ಕೈಗಿಟ್ಟರು. "ತಪ್ಪು ನಿಂದಲ್ಲಪ್ಪ. ಇದಿಗೋ ನೋಡು, ಆಕಿನೇ ಒಪ್ಪಿಕೊಂಡಾಳ. ನಿನ್ನ ಕೆಲಸಕ್ಕೇನೂ ಇಲ್ಲ, ಆರಾಮ ಇರು."

ಖಾದರ್ ಹಾಳೆಗಳನ್ನು ಬಹಳ ಹೊತ್ತು ನೋಡಿದ. ಅಂಕಿಗಳನ್ನು ತಾಳೆ ನೋಡುತ್ತಿದ್ದಾನೆ ಎಂದುಕೊಂಡೆ. ಆಮೇಲೆ ಮೆಲ್ಲಗೆ ಮೇಜಿನ ಮೇಲಿಟ್ಟು, "ಶುಕ್ರಿಯಾ ಅಕ್ಕಾ" ಎಂದು ಹೊರಗೆ ಹೋದ.

ನಾನು ಹೆದರಿದ್ದ ನಗು ಬರಲೇ ಇಲ್ಲ. ಯಾರೂ ನಗಲಿಲ್ಲ. ಮುಂದಿನ ವಾರ ಮರಿಗಳನ್ನು ಸಾಲಿನಲ್ಲಿ ನಿಲ್ಲಿಸಿ ಒಂದೊಂದಾಗಿ ಕರೆಯುವ ಹಾಗೆ ಬದಲಿಸಿದೆ. ಮಷೀನು ಹಗುರಾಯಿತು, ಗೇಟಿನ ಸಾಲು ಕರಗಿತು. ಕೆಲವು ವರ್ಷದ ಮೇಲೆ ಆ ಮಷೀನೇ ಹೋಗಿ ಬೇರೆ ಬಂತು. ಈಗ ಲೆಕ್ಕವೆಲ್ಲ ಎಲ್ಲೋ ದೂರದ ಯಾರದೋ ಮಷೀನಿನಲ್ಲಿ ನಡೆಯುತ್ತದೆ, ನಮ್ಮ ಪ್ರೋಗ್ರಾಂ ಅದನ್ನು ತಂತಿಯ ಮೇಲೆ ಕರೆಯುತ್ತದೆ. ಹೊಸಬರಿಗೆ ಒಂದೇ ಮಾತು: ಕರೆಸಿಕೊಂಡದ್ದು ಎಷ್ಟು ತಿಂದಿತು ಎಂದು ಕರೆದವರನ್ನೇ ನಂಬಿ ಕೂರಬೇಡಿ. ಕಳೆದು ಉಳಿದದ್ದನ್ನು ಇನ್ನೊಬ್ಬರ ಹೆಸರಿಗೆ ಬರೆಯುವ ಮೊದಲು ಅವರದನ್ನೂ ಅಳೆಯಿರಿ.

ಖಾದರನ ಕೆಲಸ ಉಳಿಯಿತು. ಮನೆ ಉಳಿಯಲಿಲ್ಲ. ಶನಿವಾರ ಬೆಳಿಗ್ಗೆಯೇ ಬೇರೆಯವರು ಹಾಲು ಉಕ್ಕಿಸಿದ್ದರು. ಗೋದಾಮಿನ ಸುತ್ತ ಮತ್ತೆ ನೆಲಮಟ್ಟದ ಮನೆ ಸಿಗಲಿಲ್ಲ, ಮೆಟ್ಟಿಲು ಅವನ ತಾಯಿಗೆ ಆಗುತ್ತಿರಲಿಲ್ಲ. ಮಕ್ಕಳು ಕೌತಾಳಂ ಶಾಲೆಗೆ ಸೇರಿದರು. ಖಾದರ್ ದಿನಾ ಬೆಳಿಗ್ಗೆ ಬಸ್ಸಿನಲ್ಲಿ ಬಂದು ಸಂಜೆ ಬಸ್ಸಿನಲ್ಲಿ ಹೋಗತೊಡಗಿದ. ಮಧ್ಯಾಹ್ನ ತಾಯಿಗೆ ಊಟ ಬಡಿಸಲು ಓಡುವುದು ನಿಂತಿತು. ಡಬ್ಬಿ ತಂದು ಗೇಟಿನ ಕೋಣೆಯಲ್ಲಿ ಒಬ್ಬನೇ ಉಣ್ಣುತ್ತಿದ್ದ. ನಾಲ್ಕನೇ ವರ್ಷ ಅವನ ತಾಯಿ ತೀರಿಕೊಂಡರು. ಆ ಹೊತ್ತಿಗೆ ಅವನು ಬಸ್ಸಿನಲ್ಲಿದ್ದ.

ಆಮೇಲೂ ಅವರು ಅಲ್ಲೇ ಉಳಿದರು, ಮಕ್ಕಳ ಶಾಲೆ ಮತ್ತೆ ಬಿಡಿಸುವುದು ಬೇಡವೆಂದು. ಒಂಬತ್ತು ವರ್ಷ ಬೆಳಿಗ್ಗೆ ಆ ಬಸ್ಸು ಗೇಟಿನ ಮುಂದೆ ನಿಲ್ಲುವುದನ್ನು ಕಿಟಕಿಯಿಂದ ನೋಡಿದೆ. ಅವನು ಇಳಿದು, ಅಂಗಿಯ ಧೂಳು ಕೊಡವಿಕೊಂಡು, ನನಗೆ ಕೈ ಎತ್ತುತ್ತಿದ್ದ. ಒಂದು ದಿನವೂ ಒಂದು ಕೊಂಕು ಮಾತಾಡಲಿಲ್ಲ. ನಾನು ಗುರುವಾರವೇ ತಿಳಿದಿದ್ದೆ ಎಂಬುದು ಅವನಿಗೆ ಗೊತ್ತಿಲ್ಲ ಎಂದೇ ನಾನು ನಂಬಿದ್ದೆ. ಆ ನಂಬಿಕೆಯ ಮೇಲೆಯೇ ದಿನ ದೂಡಿದೆ.

ನನ್ನ ಕೆಲಸದ ಕೊನೆಯ ದಿನ ಹಾರ, ಶಾಲು, ಮಿರ್ಚಿ ಬಜ್ಜಿ ಎಲ್ಲ ಆಯಿತು. ಸಂಜೆ ನಾನು ಡ್ರಾಯರ್ ಖಾಲಿ ಮಾಡುತ್ತಿದ್ದಾಗ ಖಾದರ್ ಬಂದು ಪೆಟ್ಟಿಗೆ ಹಿಡಿದುಕೊಂಡು ನಿಂತ. ತಲೆಯಲ್ಲಿ ನರೆ ಬಂದಿತ್ತು. ಇನ್ನು ಹೇಳದಿದ್ದರೆ ಎಂದೂ ಹೇಳಲಾರೆ ಎನಿಸಿತು.

"ಖಾದರ್, ನಿನಗ ಒಂದು ಮಾತು ಹೇಳಬೇಕು. ಆವಾಗ, ನೀ ಮನಿ ಖಾಲಿ ಮಾಡಿದಾಗ, ನನಗ ಗುರುವಾರನ ಗೊತ್ತಾಗಿತ್ತು. ತಪ್ಪು ನಂದು ಅಂತ. ನಿನ್ನ ಟೆಂಪೋ ಹೋಗೋದು ನೋಡ್ಕೋತ ಕುಂತಿದ್ದೆ."

ಅವನು ಪೆಟ್ಟಿಗೆಯನ್ನು ಮೇಜಿನ ಮೇಲಿಟ್ಟ. "ಗೊತ್ತೈತಿ ಅಕ್ಕಾ. ಹಾಳಿ ತಲಿಮ್ಯಾಲೇ ಇತ್ತಲ್ಲ. ಗುರುವಾರ, ಮೂರೂ ಹತ್ತು."

"ಮತ್ತ ಇಷ್ಟು ವರ್ಷ ಯಾಕ ಕೇಳಲಿಲ್ಲೋ?" ಎಂದೆ.

"ನೀವ ಹೇಳ್ತೀರಿ ಅಂತ ಕಾಯಾಕತ್ತಿದ್ದೆ" ಎಂದ.

ಹೊರಗೆ ಹಾರನ್ ಆಯಿತು. "ಬಸ್ ಬಂತಕ್ಕಾ" ಎಂದು ಅವನು ನನ್ನ ಪೆಟ್ಟಿಗೆಯನ್ನು ಬಾಗಿಲ ತನಕ ತಂದಿಟ್ಟು, ಗೇಟಿನ ಕಡೆ ಓಡಿದ.